ಪದ ಬೇಕು: ಎಕೋಲೊಕೇಶನ್ (ಪ್ರದರ್ಶನದ ಫಲಕಕ್ಕೆ, ನಾಳೆ ಮುದ್ರಣ)

ರ.ವಿ.:
ಬಳಗಕ್ಕೆ ನಮಸ್ಕಾರ. ವಿಡಿಯೋ ಗೇಮ್‌ಗಳು ಕುರುಡುತನವನ್ನು ಹೇಗೆ ತೋರಿಸಿವೆ ಎಂಬ ಪ್ರದರ್ಶನದ ಫಲಕಗಳನ್ನು ಕನ್ನಡಕ್ಕೆ ತರಬೇಕಿದೆ. 2017ರ 'ಪರ್ಸೆಪ್ಷನ್'ನಲ್ಲಿ ನಾಯಕಿ ಕ್ಯಾಸಿ ಕೋಲಿನಿಂದ ತಟ್ಟುತ್ತಾಳೆ. ಸದ್ದು ಹರಡಿದಷ್ಟು ದೂರ ಗೋಡೆ, ಬಾಗಿಲುಗಳ ಅಂಚು ನೀಲಿಯಾಗಿ ಮೂಡಿ, ಮತ್ತೆ ಕತ್ತಲಾಗುತ್ತದೆ. ಪದೇ ಪದೇ ತಟ್ಟಿದರೆ ಮನೆಯೊಳಗಿನ ಪೀಡೆಗೆ ಸುಳಿವು ಸಿಗುತ್ತದೆ. ಮರಳುವ ಸದ್ದಿನಿಂದ ಸುತ್ತಲಿನದನ್ನು ಅರಿಯುವ ಈ ಎಕೋಲೊಕೇಶನ್‌ಗೆ 'ಪ್ರತಿಧ್ವನಿ ಸ್ಥಾನನಿರ್ಣಯ' ಅಂದರೆ ಸರ್ವೆ ಇಲಾಖೆಯ ನೋಟಿಸಿನ ಹಾಗಿರುತ್ತದೆ. ಶೀರ್ಷಿಕೆಗೊಂದು, ಆಟದ ಗುಂಡಿಗೊಂದು ಪದ ಬೇಕು.

ಕೆ.ಜಿ.:
ಮಾರುಲಿ. ಮಾರ್ (ಎದುರು) + ಉಲಿ (ಸದ್ದು). 'ಮಾರುಲಿಯರಿವು' ಅನ್ನಿ, ಮುಗಿಯಿತು. ಪ್ರತಿ, ಧ್ವನಿ, ಸ್ಥಾನ, ನಿರ್ಣಯ ನಾಲ್ಕೂ ಸಂಸ್ಕೃತದ ಸಾಲ. ಯಾರಾದರೂ ಮಾರ್ದನಿ ಅನ್ನುವ ಮೊದಲೇ ಹೇಳಿಬಿಡುತ್ತೇನೆ: ದನಿಯೂ ಧ್ವನಿಯ ತದ್ಭವ.

ಶ್ರೀ.ಭ.:
ತದ್ಭವ ಕನ್ನಡವಲ್ಲ ಅನ್ನುವವರು ವ್ಯಾಕರಣಕಾರ ಕೇಶಿರಾಜನನ್ನು ಇನ್ನೊಮ್ಮೆ ತೆರೆಯಲಿ. ಮಾರ್ದನಿ, ಕನ್ನಡ-ಸಂಸ್ಕೃತ ಬೆರಕೆಯ ಅರಿಸಮಾಸವೂ ಅಲ್ಲ. ಮಾರುಲಿ ಹಾಕಿದರೆ ಫಲಕದ ಪಕ್ಕ ನಿಘಂಟನ್ನೂ ತೂಗುಹಾಕಬೇಕು. 1944ರಲ್ಲಿ ಪ್ರಾಣಿಶಾಸ್ತ್ರಜ್ಞ ಡೊನಾಲ್ಡ್ ಗ್ರಿಫಿನ್ ಮೂಲಪದ ಟಂಕಿಸಿದ್ದೇ ಬಾವಲಿ, ರೇಡಾರ್ ಜತೆಗೆ ಕುರುಡರನ್ನೂ ಸೇರಿಸಿ. 'ಸ್ಥಾನ' ಬಿಟ್ಟರೆ ಅರ್ಥವೇ ಬಿಟ್ಟುಹೋಗುತ್ತದೆ.

ಎ.ಎನ್. (ಧ್ವನಿ ವಿನ್ಯಾಸ):
ಇಬ್ಬರೂ 'ಎಕೋ'ಗೇ ಜೋತುಬಿದ್ದಿದ್ದೀರಿ. ಪಠ್ಯಪುಸ್ತಕದ ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ಸದ್ದು ಮರಳಲು 0.1 ಸೆಕೆಂಡ್ ಹಿಡಿಯಬೇಕು, ಅಂದರೆ ಗೋಡೆ ಸುಮಾರು 17 ಮೀಟರ್ ಆಚೆ ಇರಬೇಕು. 2 ಮೀಟರ್ ದೂರದ ಗೋಡೆಯಿಂದ ಸದ್ದು 12 ಮಿಲಿಸೆಕೆಂಡ್‌ನಲ್ಲೇ ಮರಳಿ ಮೂಲ ಸದ್ದಿನಲ್ಲಿ ಬೆರೆತುಹೋಗುತ್ತದೆ. ನಾಲಿಗೆಯಲ್ಲಿ ಲೊಚಗುಟ್ಟುತ್ತಾ ನಡೆಯುವವರಿಗೆ ಕೋಣೆಯೊಳಗೆ ಕೇಳುವುದು ಎರಡನೆಯ ದನಿಯಲ್ಲ; ಮೊದಲ ಸದ್ದಿನ ಗುಣವೇ ಬದಲಾಗಿರುತ್ತದೆ. ದಪ್ಪ ಪರದೆಯ ಎದುರು ಮಂಕು, ಗಾಜಿನ ಎದುರು ಚುರುಕು.

ಗೇಮ್ ಕಟ್ಟುವಾಗ ಕೆಡುವುದೂ ಇಲ್ಲೇ. ಎಲ್ಲ ಕೋಣೆಗೂ ಒಂದೇ ರಿವರ್ಬ್ (ಸದ್ದು ನಿಂತ ಮೇಲೂ ಕೋಣೆಯಲ್ಲಿ ಉಳಿಯುವ ಗುಂಗು) ಹಚ್ಚಿದರೆ ಗೋಡೆ ಎಷ್ಟು ದೂರವೆಂದು ತಿಳಿಯದು. ಸ್ಪೀಕರ್‌ನಲ್ಲಿ ಕೇಳಿಸಿದರೆ ಎಡಕಿವಿಯ ಸದ್ದು ಬಲಕಿವಿಗೂ ಸೋರುತ್ತದೆ. ಹೆಡ್‌ಫೋನ್ ಬೇಕೇ ಬೇಕು. ಅದರಲ್ಲೂ ನೇರ ಮುಂದಿನ ಸದ್ದು ಹಿಂದಿನಿಂದ ಬಂದಂತೆ ಕೇಳಿಸಬಹುದು, ಏಕೆಂದರೆ ಎರಡೂ ಕಡೆಯಿಂದ ಅದು ಎರಡು ಕಿವಿಗೂ ಒಟ್ಟಿಗೇ ತಲುಪುತ್ತದೆ. ಆಟದೊಳಗೆ ತಲೆ ತಿರುಗಿಸಲು ಬಿಟ್ಟರೆ ಗೊಂದಲ ಕಳೆಯುತ್ತದೆ. 2021ರ ಆಟ 'ದ ವೇಲ್'ನಲ್ಲಿ ಕತ್ತಿಯೇಟು ಬರುವುದು ಎಡ, ಬಲ, ಮುಂದೆ, ಈ ಮೂರು ಕಡೆಯಿಂದ. ಜಾಣತನ. ಅಲ್ಲಿ ಪರದೆ ಮೇಲೆ ತೇಲುವ ಕಣಗಳಷ್ಟೇ, ಕಣ್ಣಿಲ್ಲದವರೂ ಆಡಬಹುದು. 'ಪರ್ಸೆಪ್ಷನ್' ಸದ್ದನ್ನು ಗೆರೆ ಮಾಡಿ ಕಣ್ಣಿಗೇ ಬಡಿಸುತ್ತದೆ. ಕುರುಡಿಯ ಕಥೆ, ಕುರುಡರು ಆಡಲಾಗದ ಆಟ. ಎರಡಕ್ಕೂ ಒಂದೇ ಶೀರ್ಷಿಕೆ ಹಾಕಬೇಡಿ. 'ಪರ್ಸೆಪ್ಷನ್'ಗೆ 'ಸದ್ದನ್ನು ನೋಡುವುದು', 'ವೇಲ್'ಗೆ 'ಸದ್ದಿನಲ್ಲಿ ದಾರಿ'. ಗುಂಡಿಗೆ 'ತಟ್ಟು'. 'ಕುಟ್ಟು' ಬೇಡ, ಅದು ಒನಕೆಯ ಕೆಲಸ.

ಮ.ಹೆ.:
'ಕುರುಡಿ' ಎಂದೆಲ್ಲ ಬರೆಯಬಹುದೇ? ವಿಕಲಚೇತನ ಎನ್ನಿ.

ಎ.ಎನ್.:
ಮೇಡಂ, ವಿಕಲಚೇತನ ಅಂದರೆ ಕಣ್ಣೋ ಕಾಲೋ ಗೊತ್ತಾಗುವುದಿಲ್ಲ. ವ್ಯಕ್ತಿಗೆ 'ಕಣ್ಣು ಕಾಣದವಳು' ಅನ್ನೋಣ, ಒಪ್ಪಿದೆ. 2015ರ 'ಬಿಯಾಂಡ್ ಐಸ್' ಫಲಕಕ್ಕೆ ಅದೂ ಸಾಲದು. ಅಲ್ಲಿ ನಾಯಕಿ ರೇಗೆ ಚಿಕ್ಕಂದಿನಲ್ಲಿ ಪಟಾಕಿಯಿಂದ ಕಣ್ಣು ಹೋಯಿತು, ಹಾಗಾಗಿಯೇ ಬಿಳಿ ಪರದೆಯ ಮೇಲೆ ಅವಳು ನಡೆದಲ್ಲೆಲ್ಲ ಬಣ್ಣ ಮೂಡುತ್ತದೆ. 'ಹುಟ್ಟುಕುರುಡಿ' ಎಂದು ಅನುವಾದಿಸಿದರೆ ಆ ಬಣ್ಣಗಳಿಗೆ ಕಾರಣವೇ ಇರುವುದಿಲ್ಲ.

ಶ್ರೀ.ಭ.:
ರಿವರ್ಬ್‌ಗೆ ಅನುರಣನ ಎಂಬ ಪದವಿದೆ.

ಕೆ.ಜಿ.:
ಅದೂ ಸಾಲವೇ. ಇಂಗ್ಲಿಶಿನದಾದರೆ ಸಾಲ, ಸಂಸ್ಕೃತದ್ದಾದರೆ ಪಿತ್ರಾರ್ಜಿತವೇ?

ರ.ವಿ.:
ಗುಂಡಿಗೆ 'ತಟ್ಟು', ಶೀರ್ಷಿಕೆಗಳು ಎ.ಎನ್. ಹೇಳಿದಂತೆ, ವಿವರಣೆಯಲ್ಲಿ ಒಮ್ಮೆ ಎಕೋಲೊಕೇಶನ್. ಕಳಿಸಿದೆ. ಧನ್ಯವಾದ.

ಕೆ.ಜಿ.:
ಪಿತ್ರಾರ್ಜಿತದ ಪ್ರಶ್ನೆಗೆ ಉತ್ತರ ಬಂದಿಲ್ಲ.