ರಕ್ತದೊತ್ತಡ ಇಳಿಸಲು ನರಕ್ಕೆ ಕರೆಂಟು: ಇದರಲ್ಲಿ ಎಷ್ಟು ನಿಜ?

ಹಳೆಯ ಲೈನ್‌ಮನ್, ಅರಸೀಕೆರೆ

ಮೂವತ್ತೊಂದು ವರ್ಷ ಕಂಬ ಹತ್ತಿ ಇಳಿದವನು ನಾನು. ಕರೆಂಟಿನ ಮೇಲೆ ನನಗೆ ಭಯವೂ ಇಲ್ಲ, ಸಲಿಗೆಯೂ ಇಲ್ಲ. ಮರ್ಯಾದೆ ಮಾತ್ರ ಇದೆ. ಅದನ್ನು ಕಲಿತ ದಿನದ ಗುರುತಾಗಿ ಎಡಗೈ ಕಿರುಬೆರಳಿನಲ್ಲಿ ಇಂದಿಗೂ ಉಗುರಿಲ್ಲ. ಈಗ ಅದೇ ಕರೆಂಟನ್ನು ಔಷಧಿ ಎಂದು ನನಗೇ ಮಾರಿದ್ದಾರೆ. ಅದಕ್ಕೇ ಈ ಪ್ರಶ್ನೆ.

ವಯಸ್ಸು 63. ನಾಲ್ಕು ವರ್ಷದಿಂದ ಬಿಪಿ ಇದೆ. ಬೆಳಿಗ್ಗೆ ಒಂದು ಆಮ್ಲೋಡಿಪಿನ್ 5 ಮಿ.ಗ್ರಾಂ ನುಂಗುತ್ತಿದ್ದೆ, ಯುಗಾದಿ ಕಳೆದ ಮೇಲೆ ಅದನ್ನು 10ಕ್ಕೆ ಏರಿಸಿದರು. ಅಲ್ಲಿಂದ ಕಾಲು ಊದಲು ಶುರುವಾಯಿತು. ಸಂಜೆ ಚಪ್ಪಲಿ ಕಳಚಿದರೆ ಪಟ್ಟಿಯ ಅಚ್ಚು ಪಾದದ ಮೇಲೆ ಹಾಗೇ ಉಳಿದಿರುತ್ತದೆ. ಹೆಬ್ಬೆರಳಿನಲ್ಲಿ ಒತ್ತಿದರೆ ನಾದಿದ ಹಿಟ್ಟಿನ ಹಾಗೆ ಕುಳಿ ಬೀಳುತ್ತದೆ.

ಕಳೆದ ತಿಂಗಳು ನಮ್ಮ ಬೀದಿಯ ಕಲ್ಯಾಣ ಮಂಟಪದಲ್ಲಿ ಹದಿನೈದು ದಿನದ ಉಚಿತ ಶಿಬಿರ ನಡೆಯಿತು. ಮಣಿಕಟ್ಟಿನ ಒಳಭಾಗಕ್ಕೆ, ಮೊಣಕಾಲಿನ ಕೆಳಗೆ ಅಂಟುವ ಪ್ಯಾಡು ಹಾಕಿ ಅರ್ಧ ಗಂಟೆ ಕೂರಿಸುತ್ತಿದ್ದರು. ಜುಮುಜುಮು ಎನ್ನುತ್ತಿತ್ತು. ಕೂರುವ ಮೊದಲು 152/92 ಇದ್ದದ್ದು ಏಳುವಾಗ 138/86. ಹೀಗೆ ಒಂದು ದಿನವಲ್ಲ, ಹೆಚ್ಚು ಕಡಿಮೆ ಎಲ್ಲ ದಿನವೂ. ಕೊನೆಯ ದಿನ ಬೆಲೆ ಹೇಳಿದರು: 18,500 ರೂಪಾಯಿ. ನನ್ನಾಕೆ ಬೇಡವೆಂದು ಕಣ್ಣಿನಲ್ಲೇ ಹೇಳಿದಳು. ನಾನು ಕೊಂಡುಕೊಂಡೆ.

ಮನೆಗೆ ತಂದು ಮೊದಲು ಮಾಡಿದ ಕೆಲಸ ತಿರುಪು ಬಿಚ್ಚಿದ್ದು. ಒಳಗೆ ಒಂದು 9 ವೋಲ್ಟಿನ ಬ್ಯಾಟರಿ, ಕಡಲೆಬೀಜದ ಗಾತ್ರದ ಟ್ರಾನ್ಸ್‌ಫಾರ್ಮರ್, ಒಂದು ಚಿಪ್ಪು. ಇಷ್ಟೇ. ಇದಕ್ಕೆ ಈ ಬೆಲೆಯೇ ಎಂದು ಹೊಟ್ಟೆ ಉರಿಯಿತು, ಆದರೆ ಅಂಕಿ ಇಳಿದದ್ದು ಸುಳ್ಳಲ್ಲವಲ್ಲ. ಹಳೆಯ ಮೀಟರ್ ರೀಡಿಂಗ್ ಪುಸ್ತಕದಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದೇನೆ.

ನರಕ್ಕೆ ಕರೆಂಟು ಕೊಟ್ಟರೆ ರಕ್ತದೊತ್ತಡ ಇಳಿಯುತ್ತದೆ ಎನ್ನುವುದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರ ಇದೆಯೇ? ಇನ್ನೊಂದು: ಬೇಗ ಗುಣ ಕಾಣಬೇಕಾದರೆ ಕತ್ತಿನ ಎರಡೂ ಪಕ್ಕಕ್ಕೆ ಪ್ಯಾಡು ಹಾಕಿ, ಬಿಪಿಯ ಸ್ವಿಚ್ಚು ಇರುವುದೇ ಅಲ್ಲಿ ಎಂದು ಶಿಬಿರದ ಹುಡುಗ ಹೇಳಿದ. ಇನ್ನೂ ಹಾಕಿಲ್ಲ.

ಮೊಣಕಾಲು ರಿಪೇರಿ, ದಾವಣಗೆರೆ

ಕತ್ತಿಗೆ ಹಾಕಬೇಡಿ. ಮಿಕ್ಕಿದ್ದು ಆಮೇಲೆ.

ನಾನು ಫಿಸಿಯೋಥೆರಪಿಸ್ಟ್. ನೀವು ಹೇಳುತ್ತಿರುವುದು ಟೆನ್ಸ್ ಎಂಬ ಯಂತ್ರದ ಸೋದರನ ಹಾಗಿದೆ. ನಮ್ಮ ಕ್ಲಿನಿಕ್ಕಿನಲ್ಲಿ ನೋವಿಗೆಂದು ದಿನವೂ ಬಳಸುತ್ತೇವೆ. ಅದರ ಬಳಕೆಯ ಮೊದಲ ಪಾಠವೇ ಕತ್ತಿನ ಮುಂಭಾಗ ಮತ್ತು ಪಕ್ಕಕ್ಕೆ ಪ್ಯಾಡು ಹಾಕಬಾರದು ಎನ್ನುವುದು. ಅಲ್ಲಿ ಗಂಟಲಿನ ಸ್ನಾಯು ಬಿಗಿದು ಉಸಿರು ಕಟ್ಟಬಹುದು. ಒತ್ತಡ ಒಮ್ಮೆಲೇ ಕುಸಿದು ಮನುಷ್ಯ ಕುರ್ಚಿಯಿಂದ ಉರುಳಬಹುದು. ಹುಡುಗ ಸ್ವಿಚ್ಚು ಎಂದದ್ದು ಪೂರ್ತಿ ಸುಳ್ಳಲ್ಲ, ಭಯ ಇರುವುದೇ ಅದಕ್ಕೆ. ಪೇಸ್‌ಮೇಕರ್ ಇರುವವರು ಈ ಯಂತ್ರವನ್ನು ಮುಟ್ಟಲೇಬಾರದು. ನಿಮಗಿಲ್ಲ ಎಂದುಕೊಳ್ಳುತ್ತೇನೆ.

ತೀರ್ಥಹಳ್ಳಿಯಿಂದ ಮಿನಿಯಾಪೊಲಿಸ್‌ಗೆ

ಸ್ವಿಚ್ಚಿನ ಕಥೆ ನಾನು ಹೇಳುತ್ತೇನೆ. ಅದು ನಡೆದದ್ದು ನಾನಿರುವ ಊರಿನಲ್ಲಿ, ನನ್ನ ಹೊಟ್ಟೆಪಾಡೂ ಇಂಥ ಉಪಕರಣಗಳದ್ದೇ.

ದವಡೆಯ ಕೆಳಗೆ, ಬೆರಳಿಟ್ಟರೆ ನಾಡಿ ಬಡಿಯುವಲ್ಲಿ, ಮಿದುಳಿಗೆ ಹೋಗುವ ರಕ್ತನಾಳ ಎರಡಾಗಿ ಕವಲೊಡೆಯುತ್ತದೆ. ಆ ಕವಲಿನ ಗೋಡೆಯಲ್ಲಿ ಹಿಗ್ಗನ್ನು ಅಳೆಯುವ ನರತುದಿಗಳಿವೆ. ಒತ್ತಡ ಏರಿದರೆ ಗೋಡೆ ಹಿಗ್ಗುತ್ತದೆ, ಮಿದುಳಿನ ಬುಡಕ್ಕೆ ಸುದ್ದಿ ಹೋಗುತ್ತದೆ, ಅದು ಹೃದಯದ ಬಡಿತ ತಗ್ಗಿಸಿ ರಕ್ತನಾಳಗಳನ್ನು ಸಡಿಲಿಸುತ್ತದೆ. ಸಬ್‌ಸ್ಟೇಷನ್ನಿನ ರಿಲೇ ನೋಡಿದವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ. ಆ ನರವನ್ನು ಕರೆಂಟಿನಿಂದ ಮಿಡಿದರೆ, ಒತ್ತಡ ಏರಿದೆ ಎಂದು ಮಿದುಳಿಗೆ ಸುಳ್ಳು ಹೇಳಿದಂತೆ. ಮಿದುಳು ನಂಬಿ ಇಳಿಸುತ್ತದೆ.

ಮಿನ್ನೆಸೋಟದಲ್ಲಿ ಬಿಲ್ಗುತಾಯ್ ಮತ್ತು ಲಿಲ್ಲೆಹೈ ಇಂಥದ್ದೊಂದು ಸಾಧನವನ್ನು ಮೈಯೊಳಗೆ ಹುದುಗಿಸಿ ಬಿಪಿ ಇಳಿಸಿದ್ದನ್ನು 1965ರಲ್ಲೇ ಬರೆದರು. ಲಿಲ್ಲೆಹೈ ಎಂದರೆ ತೆರೆದ ಹೃದಯದ ಶಸ್ತ್ರಚಿಕಿತ್ಸೆಗೆ ದಾರಿ ಮಾಡಿದವರಲ್ಲಿ ಒಬ್ಬರು. ಆಮೇಲೆ ಒಳ್ಳೆಯ ಮಾತ್ರೆಗಳು ಬಂದವು, ಸಾಧನ ಮೂಲೆ ಸೇರಿತು. ಮೂರು ಮೂರು ಮಾತ್ರೆಗೂ ಬಗ್ಗದ ರೋಗಿಗಳಿಗಾಗಿ ಇಲ್ಲಿನ ಸಿವಿಆರ್‌ಎಕ್ಸ್ ಕಂಪನಿ ಅದನ್ನು ರಿಯೋಸ್ ಎಂಬ ಹೆಸರಿನಲ್ಲಿ ಮತ್ತೆ ಎಬ್ಬಿಸಿತು. ಅದರ ದೊಡ್ಡ ಪರೀಕ್ಷೆಯ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. 265 ರೋಗಿಗಳು. ಎಲ್ಲರಿಗೂ ಶಸ್ತ್ರಚಿಕಿತ್ಸೆ ಮಾಡಿ ಸಾಧನ ಇಟ್ಟರು. ಕೆಲವರದನ್ನು ಒಂದು ತಿಂಗಳಿಗೇ ಚಾಲೂ ಮಾಡಿದರು, ಉಳಿದವರದನ್ನು ಆರು ತಿಂಗಳು ಸುಮ್ಮನೆ ಬಿಟ್ಟರು. ಆರು ತಿಂಗಳಿಗೆ ಎಣಿಸಿದಾಗ, ಚಾಲೂ ಇದ್ದವರಲ್ಲಿ ಶೇ 54 ಮಂದಿಗೆ ಮೇಲಿನ ಅಂಕಿ ಕನಿಷ್ಠ 10 ಇಳಿದಿತ್ತು. ಸಾಧನ ಸತ್ತಂತೆ ಮಲಗಿದ್ದವರಲ್ಲಿ? ಶೇ 46.

ಚಾಲೂ ಆಗದ ಪೆಟ್ಟಿಗೆಯನ್ನು ಎದೆಯಲ್ಲಿಟ್ಟುಕೊಂಡು ನೂರಕ್ಕೆ ನಲವತ್ತಾರು ಮಂದಿ! ಇದನ್ನು ಮೊದಲ ಸಲ ಓದಿದ ದಿನ ನಾನು ಕಾಫಿ ಆರಿಸಿಕೊಂಡು ಕುಳಿತಿದ್ದೆ.

ಚಾಲೂ ಇದ್ದವರಿಗೂ ಇಲ್ಲದವರಿಗೂ ಸಾಕಷ್ಟು ವ್ಯತ್ಯಾಸ ಕಾಣಬೇಕೆಂಬ ಗುರಿಯೂ ಈಡೇರಲಿಲ್ಲ, ಶಸ್ತ್ರಚಿಕಿತ್ಸೆಯ ಸುರಕ್ಷತೆಗೆ ಇಟ್ಟುಕೊಂಡಿದ್ದ ಗುರಿಯೂ ಈಡೇರಲಿಲ್ಲ. ಹಾಗೆಂದು ತಂತ್ರವೇ ಸುಳ್ಳಲ್ಲ. ಇಳಿದವರಲ್ಲಿ ಹೆಚ್ಚಿನವರಿಗೆ ವರ್ಷ ತುಂಬಿದಾಗಲೂ ಇಳಿತ ಉಳಿದಿತ್ತು. ಅದರ ಮುಂದಿನ ಪೀಳಿಗೆಯ ಬರೋಸ್ಟಿಮ್‌ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಒಪ್ಪಿಗೆ ಕೊಟ್ಟಿತು, ಆದರೆ ಹೃದಯ ವೈಫಲ್ಯದ ರೋಗಿಗಳಿಗೆ.

ನಿಮ್ಮ ಮಣಿಕಟ್ಟಿನ ಪ್ಯಾಡಿಗೆ ಹತ್ತಿರದ ಕೆಲಸ ನಡೆದದ್ದು ಕ್ಯಾಲಿಫೋರ್ನಿಯಾದ ಇರ್ವೈನ್‌ನಲ್ಲಿ. ಅಲ್ಲಿ ಪ್ಯಾಡಲ್ಲ, ಅಕ್ಯುಪಂಕ್ಚರ್ ಸೂಜಿ. ಸೂಜಿಗೆ ಸಣ್ಣ ಕರೆಂಟು. ಮಾತ್ರೆ ತೆಗೆದುಕೊಳ್ಳದ 65 ಮಂದಿಗೆ ವಾರಕ್ಕೊಮ್ಮೆ ಅರ್ಧ ಗಂಟೆಯಂತೆ ಎಂಟು ವಾರ ಕೊಟ್ಟರು. 2015ರಲ್ಲಿ ಹೊರಬಂದ ವರದಿಯ ಪ್ರಕಾರ, ಸರಿಯಾದ ಜಾಗಕ್ಕೆ ಚುಚ್ಚಿಸಿಕೊಂಡವರಲ್ಲಿ ಸುಮಾರು ಶೇ 70 ಮಂದಿಗೆ ಮೇಲಿನ ಅಂಕಿ 6ರಿಂದ 8, ಕೆಳಗಿನದು 4 ಇಳಿಯಿತು. ಇಷ್ಟೂ ಲಾಭವೇ. ಆದರೆ ಪರೀಕ್ಷೆ ಚಿಕ್ಕದು, ಮತ್ತು ಅದು 152ನ್ನು ಅರ್ಧ ಗಂಟೆಯಲ್ಲಿ 138 ಮಾಡುವ ಕಥೆಯಲ್ಲ.

ವಾರ್ಡಿನ ಅಕ್ಕ

ಲೈನ್‌ಮನ್ ಅಣ್ಣಾ, ಒಂದು ಮಾತು ಬರೆದೇ ಇಲ್ಲ ನೀವು. ಮಾತ್ರೆ ನುಂಗುತ್ತಿದ್ದೀರೋ, ಬಿಟ್ಟಿದ್ದೀರೋ?

ಬಿಟ್ಟಿದ್ದರೆ ಕೇಳಿ. ಆಮ್ಲೋಡಿಪಿನ್ ಮೈಯಿಂದ ನಿಧಾನವಾಗಿ ಹೋಗುವ ಔಷಧಿ. ಇವತ್ತು ನಿಲ್ಲಿಸಿದರೆ ನಾಳೆಯೇ ಬಿಪಿ ಏರುವುದಿಲ್ಲ, ದಿನ ಕಳೆದ ಹಾಗೆ ಏರುತ್ತದೆ. ಆ ನಡುವೆ ಬರುವ ಒಳ್ಳೆಯ ಅಂಕಿಗಳೆಲ್ಲ ಹಳೆಯ ಮಾತ್ರೆಯ ಪುಣ್ಯ, ಹೆಸರು ಮಾತ್ರ ಹೊಸ ಯಂತ್ರಕ್ಕೆ. ಕಾಲು ಊದಿದರೆ ವೈದ್ಯರಿಗೆ ಹೇಳಬೇಕು, ಕಲ್ಯಾಣ ಮಂಟಪದಲ್ಲಲ್ಲ. ಡೋಸು ತಗ್ಗಿಸಿ ಟೆಲ್ಮಿಸಾರ್ಟಾನ್‌ನಂಥ ಇನ್ನೊಂದು ಮಾತ್ರೆ ಜೊತೆಗೂಡಿಸಿದರೆ ಎಷ್ಟೋ ಜನರಿಗೆ ಊತ ಇಳಿಯುತ್ತದೆ.

ಬಿಪಿ ನೋಡುವ ಮೊದಲು ಐದು ನಿಮಿಷ ಬೆನ್ನಿಗೆ ಒರಗಿ ಕೂರಿ, ಕಾಲ ಮೇಲೆ ಕಾಲು ಹಾಕಬೇಡಿ, ಪಟ್ಟಿ ಕಟ್ಟಿದ ತೋಳು ಎದೆಯ ಮಟ್ಟದಲ್ಲಿರಲಿ. ಮಾತಾಡಬೇಡಿ. ಶಿಬಿರದಲ್ಲಿ ನಿಮ್ಮನ್ನು ಹೇಗೆ ನೋಡಿದರು?

ಹಳೆಯ ಲೈನ್‌ಮನ್, ಅರಸೀಕೆರೆ

ಮೂರು ವಾರ ಕಾಣೆಯಾಗಿದ್ದಕ್ಕೆ ಕ್ಷಮಿಸಿ. ಅಕ್ಕ ಸರಿಯಾದ ಕಂಬಕ್ಕೇ ಏಣಿ ಇಟ್ಟಿದ್ದಾರೆ. ಯಂತ್ರ ತಂದ ಮೇಲೆ ಆರು ದಿನ ಮಾತ್ರೆ ಬಿಟ್ಟಿದ್ದೆ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಇಲ್ಲಿ ಬರೆಯಲು ನಾಚಿಕೆಯಾಗಿತ್ತು. ಏಳನೆಯ ದಿನ ಬೆಳಿಗ್ಗೆ 168/98. ಅಂದೇ ಮತ್ತೆ ನುಂಗಿ ವೈದ್ಯರ ಹತ್ತಿರ ಹೋದೆ. ಬೈದರು. ಆಮ್ಲೋಡಿಪಿನ್ 5ಕ್ಕೆ ಇಳಿಸಿ, ಟೆಲ್ಮಿಸಾರ್ಟಾನ್ 40 ಸೇರಿಸಿ, ಎರಡು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದರು.

ಶಿಬಿರದಲ್ಲಿ ಹೇಗೆ ನೋಡಿದರೆಂದರೆ, ಮಂಟಪದ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಹೋದ ಕೂಡಲೇ, ಸಾಲಿನಲ್ಲಿ ನಿಂತುಕೊಂಡೇ, ಮೊದಲ ಅಂಕಿ. ಅರ್ಧ ಗಂಟೆ ಫ್ಯಾನಿನ ಕೆಳಗೆ ಕುಳಿತ ಮೇಲೆ ಎರಡನೆಯದು.

ಮಿನಿಯಾಪೊಲಿಸ್‌ನವರ ಸತ್ತ ಪೆಟ್ಟಿಗೆಯ ಮಾತು ತಲೆಯಿಂದ ಹೋಗಲೇ ಇಲ್ಲ. ಹೊಸ ಮಾತ್ರೆ ಒಂದು ಹದಕ್ಕೆ ಬಂದ ಮೇಲೆ, ಬಿಡದೆ ನುಂಗುತ್ತಲೇ, ಮನೆಯಲ್ಲೇ ಒಂದು ಪರೀಕ್ಷೆ ಮಾಡಿದೆವು. ಸೊಸೆ ಅಡುಗೆಮನೆಯಲ್ಲಿ ನಾಣ್ಯ ಚಿಮ್ಮುವುದು: ಹೂ ಬಿದ್ದರೆ ಯಂತ್ರ ಚಾಲೂ, ರಾಜ ಬಿದ್ದರೆ ಬಂದ್. ಯಂತ್ರದ ಮೇಲೆ ಟವೆಲ್ಲು. ಜುಮುಜುಮು ಗೊತ್ತಾದರೆ ಗುಟ್ಟು ರಟ್ಟಾಗುತ್ತದೆಂದು, ಮೈಗೆ ತಿಳಿಯದಷ್ಟು ಕೆಳಗಿನ ಮಟ್ಟದಲ್ಲಿ ಇಟ್ಟೆವು. ಅವಳು ಬೇರೆ ಪುಸ್ತಕದಲ್ಲಿ ಬರೆದುಕೊಂಡಳು, ನಾನು ನನ್ನದರಲ್ಲಿ. ಹತ್ತು ದಿನದ ಮೇಲೆ ಎರಡನ್ನೂ ಊಟದ ಮೇಜಿನ ಮೇಲೆ ಪಕ್ಕಪಕ್ಕ ಬಿಡಿಸಿದೆವು. ಚಾಲೂ ಇದ್ದ ಆರು ದಿನ ಮೇಲಿನ ಅಂಕಿ ಸರಾಸರಿ 9 ಇಳಿದಿದೆ. ಬಂದ್ ಇದ್ದ ನಾಲ್ಕು ದಿನ 10.

ಸೊಸೆ ನಗಲಿಲ್ಲ, ಪಾಪ. ನನ್ನಾಕೆ ನಕ್ಕಳು.

ಜುಮ್ಮೆನ್ನುವ ಮಟ್ಟದಲ್ಲಿ ನೋಡಿಲ್ಲವಲ್ಲ, ಹತ್ತೇ ದಿನವಲ್ಲ ಎಂದು ಕೇಳುವವರು ಕೇಳಲಿ, ಒಪ್ಪುತ್ತೇನೆ. ನನ್ನ ಮಟ್ಟಿಗೆ ಉತ್ತರ ಸಿಕ್ಕಿತು: ಇಳಿಸುತ್ತಿದ್ದದ್ದು ಬ್ಯಾಟರಿಯಲ್ಲ, ಬೆತ್ತದ ಕುರ್ಚಿ. ನಿನ್ನೆ ಬೆಳಿಗ್ಗೆ ಐದು ನಿಮಿಷ ಕುಳಿತು ನೋಡಿದಾಗ 134/84. ಊತ ಪೂರ್ತಿ ಹೋಗಿಲ್ಲ, ಚಪ್ಪಲಿಯ ಅಚ್ಚು ಮಾತ್ರ ಬೀಳುತ್ತಿಲ್ಲ.

ದಾವಣಗೆರೆಯವರಿಗೆ ಒಂದು ಪ್ರಶ್ನೆ. ಯಂತ್ರ ವಾಪಸು ತೆಗೆದುಕೊಳ್ಳುವವರ ಫೋನು ಹತ್ತುತ್ತಿಲ್ಲ. ನನ್ನಾಕೆಗೆ ಮೊಣಕಾಲು ನೋವು ಇದೆ, ಪೇಸ್‌ಮೇಕರ್ ಇಲ್ಲ. ಪ್ಯಾಡುಗಳನ್ನು ಮಂಡಿಚಿಪ್ಪಿನ ಎರಡು ಪಕ್ಕಕ್ಕೆ ಹಾಕಬೇಕೋ, ಮೇಲೊಂದು ಕೆಳಗೊಂದೋ?

ಮೊಣಕಾಲು ರಿಪೇರಿ, ದಾವಣಗೆರೆ

ಎರಡು ಪಕ್ಕಕ್ಕೆ ಹಾಕಿ. ಗಾಯ, ತುರಿಕೆ ಇರುವ ಚರ್ಮದ ಮೇಲೆ ಬೇಡ. ಹಿತವಾಗಿ ಜುಮ್ಮೆನ್ನುವಷ್ಟು, ಇಪ್ಪತ್ತು ನಿಮಿಷ. ಮತ್ತೆ ತಿರುಪು ಬಿಚ್ಚಿ ಕರೆಂಟು ಹೆಚ್ಚಿಸಲು ಹೋಗಬೇಡಿ, ನಿಮ್ಮ ಮೇಲೆ ನನಗೆ ಅನುಮಾನವಿದೆ.