ಪದಚರ್ಚೆ: ಹಲ್ಲಿರುವ ಜೇಬುಚಾಕಿಗೆ ಏನನ್ನೋಣ? (ಇವತ್ತು ಸಂಜೆಯೊಳಗೆ ಬೇಕು)

ಚಿಕ್ಕಮಗಳೂರಿನಿಂದ

ಗೆಳೆಯರೇ, ಇಲ್ಲಿನ ಕೃಷಿ ಸಲಕರಣೆ ಅಂಗಡಿಯವರೊಬ್ಬರು ಚಿಕ್ಕ ಮಡಚುವ ಚಾಕು ತರಿಸಿದ್ದಾರೆ. ಅಲಗಿನ ಅರ್ಧ ಭಾಗ, ಹಿಡಿಯ ಕಡೆಗೆ, ಹಲ್ಲು ಹಲ್ಲಾಗಿದೆ. ಇಂಗ್ಲಿಷಿನವರು ಸೆರೇಟೆಡ್ ಅನ್ನುವುದು ಇದಕ್ಕೇ. ಬೋರ್ಡಿಗೆ ಒಂದು ಹೆಸರು ಬೇಕು. ಡಬ್ಬಿಯೊಳಗಿನ ಚೀಟಿಯನ್ನೂ ಕನ್ನಡ ಮಾಡಿಕೊಡಬೇಕು, ಸಂಜೆ ಪ್ರೆಸ್ಸಿಗೆ ಹೋಗುತ್ತದೆ.

ನಿಘಂಟು ನೋಡಿದರೆ ‘ದಂತುರ’, ‘ಗರಗಸಾಕಾರದ’ ಅಂತಿದೆ. ಗೊಬ್ಬರದ ಚೀಲ ಬಿಚ್ಚೋಕೆ, ಡ್ರಿಪ್ ಪೈಪ್ ಕೊಯ್ಯೋಕೆ ಕೊಳ್ಳುವವರಿಗೆ ದಂತುರ ಅಂದರೆ ಏನು ಗೊತ್ತಾಗಬೇಕು? ಇನ್ನೊಂದು ಮಾತು. ಸಾಣೆಯನ್ನು ಒಂದೇ ಕಡೆಯಿಂದ ಹಿಡಿಯಬೇಕು ಅಂತ ಚೀಟಿಯಲ್ಲಿದೆ, ಅಲಗು ಇಳಿಜಾರಾಗಿ ತೆಳುವಾಗುವ ಕಡೆಯಿಂದ. ಆ ಕಡೆಗೆ ನಮ್ಮಲ್ಲಿ ಪದ ಇದೆಯಾ?

ಹಾಸನದಿಂದ

ಗರಗಸ ಚಾಕು. ಎಲ್ಲರಿಗೂ ತಿಳಿಯುತ್ತದೆ. ಚರ್ಚೆ ಬೇಕಿಲ್ಲ.

ಸಕಲೇಶಪುರದಿಂದ

ಬೇಕು ಸಾರ್. ಗರಗಸದ ಹಲ್ಲನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿಸಿರುತ್ತಾರೆ. ಅದು ಮರವನ್ನು ಕೆರೆದು ಪುಡಿ ಉದುರಿಸುತ್ತಾ ಹೋಗುತ್ತದೆ. ಈ ಚಾಕುವಿನ ಹಲ್ಲು ಒಂದೇ ಸಾಲಿನಲ್ಲಿ ನೆಟ್ಟಗಿರುತ್ತವೆ, ಪುಡಿ ಬರೋದಿಲ್ಲ. ಕೆಲಸವೇ ಬೇರೆ. ಸ್ವಿಸ್ ಸೈನ್ಯದ 2008ರ ಮಾದರಿಯ ಚಾಕು ತೆಗೆದು ನೋಡಿ. ಅಲಗಿಗೆ ಹಲ್ಲೂ ಇದೆ, ಮರ ಕೊಯ್ಯೋಕೆ ಗರಗಸವೂ ಬೇರೆಯಾಗಿ ಇದೆ. ಮೊದಲನೆಯದಕ್ಕೇ ಗರಗಸ ಅಂದುಬಿಟ್ಟರೆ ಎರಡನೆಯದಕ್ಕೆ ಏನಂತೀರಿ?

ನಾನು ತೋಟದಲ್ಲಿ ಲೆಕ್ಕ ಬರೆಯೋ ರೈಟರ್ ಕೆಲಸ ಮಾಡೋನು. ಇಂಥ ಚಾಕು ಸದಾ ಜೇಬಲ್ಲಿರುತ್ತದೆ. ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ ಕಟ್ಟಿದ ನೈಲಾನ್ ದಾರ ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತಾ ಇರುತ್ತದೆ. ನುಣುಪು ಬಾಯಿಯ ಚಾಕು ಅದರ ಮೇಲೆ ಹಾಗೇ ಸರಿದುಹೋಗುತ್ತದೆ. ಹಲ್ಲಿದ್ದರೆ ಮೊನೆಗಳು ಮೊದಲು ನಾರಿನೊಳಕ್ಕೆ ಇಳಿದು ಹಿಡಿದುಕೊಳ್ಳುತ್ತವೆ. ಹಿಂದಕ್ಕೆ ಎಳೆದರೆ ನಡುವಿನ ಕುಳಿಗಳು ಕೊಯ್ದು ಮುಗಿಸುತ್ತವೆ. ಪೆಟ್ಟು ಬೀಳೋದೆಲ್ಲ ಮೊನೆಗೆ, ಕುಳಿಯೊಳಗಿನ ಬಾಯಿ ಬೇಗ ಮೊಂಡಾಗೋದಿಲ್ಲ. ದಬ್ಬಳ ಹಾಕಿ ಹೊಲಿದ ಗೋಣಿಚೀಲ, ರಟ್ಟಿನ ಪೆಟ್ಟಿಗೆ, ಪೈಪು, ಎಲ್ಲಕ್ಕೂ ಆಗುತ್ತದೆ.

ಚೀಟಿಯಲ್ಲಿ ಇದೊಂದು ಮಾತು ಸೇರಿಸಿ: ಕಸಿ ಕಟ್ಟೋಕೆ ಹಲ್ಲಿನ ಭಾಗ ಬಳಸಬೇಡಿ. ಕಸಿಕಡ್ಡಿ, ಬೇರುಗಿಡ ಎರಡರ ಕೊಯ್ತವೂ ನುಣುಪಾಗಿ ಒಂದಕ್ಕೊಂದು ಕೂರಬೇಕು. ಹಲ್ಲು ತೊಗಟೆಯನ್ನು ಹರಿದುಹಾಕುತ್ತದೆ.

ಹೆಸರು? ‘ಹಲ್ಲಿನ ಚಾಕು’ ಸಾಕು.

ಅರಸೀಕೆರೆಯಿಂದ

ಇಷ್ಟು ಜನರಲ್ಲಿ ಒಬ್ಬರಿಗೂ ‘ಕಕ್ಕು’ ನೆನಪಾಗಲಿಲ್ಲವೇ? ಬೇಸರವಾಗುತ್ತದೆ.

ಕುಡುಗೋಲಿಗೆ ಕಕ್ಕು ಹಾಕಿಸುವುದು, ಬೀಸುವ ಕಲ್ಲಿಗೆ ಕಕ್ಕು ಹೊಡೆಸುವುದು, ಇವು ನಮ್ಮೂರ ಮಾತು. ಕುಲುಮೆಯಲ್ಲಿ ಆಚಾರಿ ಕುಡುಗೋಲನ್ನು ಅಡಿಗಲ್ಲಿನ ಮೇಲೆ ಮಲಗಿಸಿ, ಉಳಿಯನ್ನು ಓರೆಯಾಗಿ ಇಟ್ಟು, ಒಂದೇ ಅಂತರದಲ್ಲಿ ಟಕ ಟಕ ಹೊಡೆಯುತ್ತಾ ಹೋಗುತ್ತಾರೆ. ಹಾಗೆ ಏಳುವ ಗೀರು ಗೀರು ಹಲ್ಲೇ ಕಕ್ಕು. ಭತ್ತದ ತೆನೆ ಜಾರದ ಹಾಗೆ ಹಿಡಿಯುವುದು ಅದೇ. ಈ ಚಾಕುವಿನ ಹಲ್ಲೂ ಮಾಡುವುದು ಅದೇ ಕೆಲಸ.

ಹಳೆಯ ರೂಪ ಕರ್ಕು. ಕರ್ಚು ಕಚ್ಚು ಆದಂತೆ, ಪರ್ಬು ಹಬ್ಬು ಆದಂತೆ, ಕರ್ಕು ಕಕ್ಕು ಆಗಿದೆ. ತಮಿಳಿನ ಕರುಕ್ಕು ಇದರ ಒಡಹುಟ್ಟು. ತಾಳೆಗರಿಯ ದಂಟಿನ ಎರಡೂ ಅಂಚಿಗೆ ಇರುವ ಮುಳ್ಳುಹಲ್ಲಿಗೆ ಅವರು ಹಾಗನ್ನುತ್ತಾರೆ. ಇನ್ನು ಗರಗಸ ಸಂಸ್ಕೃತದ ಕ್ರಕಚದಿಂದ ಬಂದ ತದ್ಭವ. ಮನೆಯಲ್ಲೇ ಪದ ಇಟ್ಟುಕೊಂಡು ಬೀದಿಯಲ್ಲಿ ಯಾಕೆ ಹುಡುಕಬೇಕು?

ಕಕ್ಕುಚಾಕು. ಅಂಚು ಇಳಿಜಾರಾಗಿರುವ ಕಡೆಗೆ ‘ಓರೆ ಮಗ್ಗುಲು’ ಎನ್ನಿ.

ಹಾಸನದಿಂದ

ಕಕ್ಕು ಅಂದರೆ ವಾಂತಿ. ಅಂಗಡಿ ಮುಂದೆ ಇದನ್ನು ಬರೆಸಿದರೆ ಯಾರೂ ಒಳಗೆ ಬರೋದಿಲ್ಲ. ನಿಮ್ಮ ಕುಲುಮೆ ಎಷ್ಟು ಊರಲ್ಲಿ ಉಳಿದಿದೆ ಮೇಷ್ಟ್ರೇ?

ಅರಸೀಕೆರೆಯಿಂದ

ವಾಂತಿಯ ಕಕ್ಕು ಕ್ರಿಯಾಪದ. ಇದು ನಾಮಪದ. ಹತ್ತು ಅಂದಾಗ ನೀವು ಎಣಿಸುತ್ತೀರೋ ಮರ ಏರುತ್ತೀರೋ? ಜೊತೆಗಿರುವ ಮಾತು ನೋಡಿ ಅರ್ಥ ಮಾಡಿಕೊಳ್ಳುವುದು ಐದು ವರ್ಷದ ಮಗುವಿಗೂ ಬರುತ್ತದೆ. ಕುಲುಮೆ ಕಮ್ಮಿಯಾಗಿದೆ ಅಂತಲೇ ಈ ಪದ ಚೀಟಿಯ ಮೇಲೆ ಬರಬೇಕು ಅನ್ನುತ್ತಿದ್ದೇನೆ. ಬಾಯಲ್ಲೂ ಇಲ್ಲದೆ, ಅಚ್ಚಿನಲ್ಲೂ ಇಲ್ಲದೆ ಹೋದರೆ ಕಕ್ಕು ಕಿಟೆಲರ 1894ರ ನಿಘಂಟಿನಲ್ಲಿ ಮಾತ್ರ ಉಳಿಯುತ್ತದೆ.

ಬೇಲೂರಿನಿಂದ

ಎಲ್ಲರೂ ಹಲ್ಲಿನ ಬಗ್ಗೆ ಕಿತ್ತಾಡುತ್ತಿದ್ದೀರಿ. ‘ಚಾಕು’ ತುರ್ಕಿ ಮೂಲದ್ದು, ಪಾರಸಿ, ಉರ್ದು ದಾಟಿ ಬಂದದ್ದು. ‘ಜೇಬು’ ಅರಬ್ಬಿ. ಸಾಲದ ಮೇಲೆ ಸಾಲ ಮಾಡಿ ಅದಕ್ಕೊಂದು ಕನ್ನಡದ ಹಲ್ಲು ಕಟ್ಟುತ್ತೀರಾ? ಚೂರಿಯೂ ಸಂಸ್ಕೃತದ ಛುರಿಕಾ. ಕತ್ತಿ ನಮ್ಮದು. ತಮಿಳು, ಮಲಯಾಳ, ತೆಲುಗಿನಲ್ಲೂ ಇದೆ. ಕಿರುಗತ್ತಿ ಅನ್ನಿ, ಕಕ್ಕುಗತ್ತಿ ಅನ್ನಿ.

ಸಕಲೇಶಪುರದಿಂದ

ನಮ್ಮ ಕಡೆ ಕತ್ತಿ ಅಂದರೆ ಮರಗಸಿ ಮಾಡೋಕೆ, ಅಂದರೆ ನೆರಳಿನ ಮರದ ಕೊಂಬೆ ಸವರೋಕೆ, ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಳ್ಳುವಂಥದ್ದು. ಬಯಲುಸೀಮೆಗೆ ಹೋದರೆ ರಾಜರ ಕೈಯ ಖಡ್ಗ. ಜೇಬಲ್ಲಿ ಕತ್ತಿ ಇದೆ ಅಂತ ಬಸ್ಸಲ್ಲಿ ಹೇಳಿ ನೋಡಿ. ಚೂರಿಯನ್ನಂತೂ ಇರಿತದ ಸುದ್ದಿಯವರೇ ಇಟ್ಟುಕೊಳ್ಳಲಿ. ಚಾಕು ಅಂದರೆ ಮಾತ್ರ ಈರುಳ್ಳಿ, ಹಣ್ಣು, ಪೆನ್ಸಿಲ್ಲು ನೆನಪಾಗುತ್ತೆ. ತುರ್ಕಿಯಿಂದ ಬಂದಿದ್ದರೂ ಅದು ನಮ್ಮ ಅಡುಗೆಮನೆಯ ಪದ.

ಜಿಲ್ಲೆ, ತಾಲ್ಲೂಕು, ಕಾಫಿ, ಮೇಜು, ಕುರ್ಚಿ, ಇವನ್ನೆಲ್ಲ ಬಿಟ್ಟು ಒಂದು ದಿನ ತೋಟದ ಲೆಕ್ಕ ಬರೆಯೋಕೆ ಆಗುತ್ತಾ?

ಬೇಲೂರಿನಿಂದ

ವಸ್ತು ಹೊರಗಿನಿಂದ ಬಂದಿದ್ದರೆ ಹೆಸರೂ ಬರಲಿ, ಕಾಫಿಗೆ ನನ್ನ ತಕರಾರಿಲ್ಲ. ಅಲಗು ನಮ್ಮಲ್ಲಿ ಇರಲಿಲ್ಲವೇ? ಇದ್ದ ವಸ್ತುವಿನ ಹೆಸರನ್ನು ಬಿಟ್ಟುಕೊಟ್ಟಿದ್ದೇವೆ. ನನ್ನ ಸಿಟ್ಟು ಅದಕ್ಕೆ.

ಸಕಲೇಶಪುರದಿಂದ

ಅಲಗು ಇತ್ತು. ಒಂದೇ ಕೈಯಲ್ಲಿ ತೆರೆದು, ಮಡಚಿ, ಕ್ಲಿಪ್ಪಿನಿಂದ ಜೇಬಿನ ಅಂಚಿಗೆ ಸಿಕ್ಕಿಸುವ ಚಾಕು ಇರಲಿಲ್ಲ. ಅದನ್ನು 1981ರಲ್ಲಿ ಅಮೆರಿಕದ ಸ್ಪೈಡರ್ಕೊ ಕಂಪನಿ ತಂದಿತು. ಹಲ್ಲಿನ ಅಲಗು ಹಾಕಿ ಮಾರಿದ್ದು ಮರುವರ್ಷ. ನೀವೇ ಹೇಳಿದ ಲೆಕ್ಕದಲ್ಲಿ ಇದು ಹೊರಗಿನ ವಸ್ತುವೇ.

ಆದರೆ ಕಕ್ಕಿನ ವಿಷಯದಲ್ಲಿ ಮೇಷ್ಟ್ರ ಮಾತಿಗೆ ನನ್ನ ಒಪ್ಪಿಗೆ ಇದೆ. ನಮ್ಮ ತೋಟದ ಹಿರಿಯಾಳುಗಳು ಈ ಚಾಕು ನೋಡಿ ‘ಕಕ್ಕು ಚೆನ್ನಾಗಿ ಕೂತಿದೆ’ ಅಂತಲೇ ಅಂದಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ.

ಚಿಕ್ಕಮಗಳೂರಿನಿಂದ

ಪ್ರೆಸ್ಸಿನವರು ಎರಡು ಸಲ ಫೋನ್ ಮಾಡಿದರು. ಹೀಗೆ ಕಳಿಸುತ್ತಿದ್ದೇನೆ.

ಬೋರ್ಡಿಗೆ: ಕಕ್ಕು ಹಾಕಿದ ಮಡಚುವ ಚಾಕು.

ಚೀಟಿಗೆ: “ಹಗ್ಗ, ಚೀಲದ ದಾರ, ಪೈಪು, ರಟ್ಟು ಕೊಯ್ಯಲು ಕಕ್ಕಿನ ಭಾಗವನ್ನು ಇಟ್ಟು ನಿಮ್ಮ ಮೈಯಿಂದ ಆಚೆಗೆ ಎಳೆಯಿರಿ. ಕಸಿ ಕಟ್ಟಲು, ಸಿಪ್ಪೆ ತೆಗೆಯಲು ಮುಂದಿನ ನುಣುಪು ಭಾಗ ಬಳಸಿ. ಸಾಣೆ ಚಕ್ರಕ್ಕೆ ಕೊಡಬೇಡಿ, ಕಕ್ಕು ಸವೆದುಹೋಗುತ್ತದೆ. ದುಂಡನೆಯ ಸಾಣೆಕಡ್ಡಿಯಿಂದ, ಓರೆ ಮಗ್ಗುಲಿನಲ್ಲಿ ಮಾತ್ರ, ಒಂದೊಂದೇ ಕುಳಿಯನ್ನು ಮಸೆಯಿರಿ. ಚಪ್ಪಟೆ ಮಗ್ಗುಲಿನಲ್ಲಿ ಏಳುವ ಸಿಬರನ್ನು ಹಗುರವಾಗಿ ಒಮ್ಮೆ ಸವರಿ ತೆಗೆಯಿರಿ.”

‘ಕಕ್ಕುಚಾಕು’ ಅಂತ ಒಂದೇ ಪದ ಮಾಡಲಿಲ್ಲ, ಹಾಸನದವರ ಮಾತಿಗೂ ಬೆಲೆ ಇದೆ. ‘ಕಕ್ಕು ಹಾಕಿದ’ ಅಂದರೆ ಯಾರೂ ತಪ್ಪು ತಿಳಿಯೋದಿಲ್ಲ.

ಹಾಸನದಿಂದ

ಗರಗಸವೇ ಸರಿ ಇತ್ತು.

ಅರಸೀಕೆರೆಯಿಂದ

ಪ್ರೂಫ್ ಬಂದಾಗ ನೋಡಿಕೊಳ್ಳಿ. ಒತ್ತಕ್ಷರ ಬಿಟ್ಟು ‘ಕಕು’ ಅಂತ ಹಾಕಿಬಿಡುತ್ತಾರೆ.