ಅಪ್‌ಡೇಟ್: ಅವ್ವನ ಮೊಣಕಾಲು ನೋವು, ಫಿಸಿಯೋಥೆರಪಿ ಶುರು ಮಾಡಿ ಮೂರು ತಿಂಗಳು

ಗದಗಿನಲ್ಲಿರುವ ನಮ್ಮವ್ವನಿಗೆ ಎರಡೂ ಮೊಣಕಾಲು ಸವೆದಿವೆ, ಫಿಸಿಯೋಥೆರಪಿಯಿಂದ ಉಪಯೋಗ ಇದೆಯಾ ಅಂತ ಕೇಳಿದ್ದೆ. ಮಾಡಿಸಿ ನೋಡಿ ಅಂದವರಿಗೆಲ್ಲ ಮನಸಾರೆ ಧನ್ಯವಾದ.

ಮೊದಲ ಎರಡು ವಾರ ಏನೂ ಗೊತ್ತಾಗಲಿಲ್ಲ. ಅವ್ವ ಬಿಟ್ಟೇಬಿಡುತ್ತಿದ್ದಳು. ಸವೆದದ್ದು ಮತ್ತೆ ಬೆಳೆಯುವುದಿಲ್ಲ, ಆದರೆ ತೊಡೆಯ ಸ್ನಾಯು ಗಟ್ಟಿಯಾದರೆ ಕೀಲಿಗೆ ಆಸರೆ ಸಿಗುತ್ತದೆ ಎಂದು ಫಿಸಿಯೋ ಮೇಡಂ ತಿಳಿಸಿ ಹೇಳಿದರು. ಆ ಮಾತು ಅವ್ವನಿಗೆ ನಾಟಿತು.

ಮಾಡಿಸಿದ್ದು ಸರಳ. ಮೊಣಕಾಲ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತಿ 5 ಸೆಕೆಂಡ್ ಹಿಡಿಯುವುದು. ಕುರ್ಚಿಯಿಂದ ಕೈ ಊರದೆ ಏಳುವುದು. ಪಕ್ಕಕ್ಕೆ ಮಲಗಿ ಕಾಲು ಎತ್ತುವುದು. ಇದು ಸೊಂಟದ ಸ್ನಾಯುಗಳಿಗೆ. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಕಿಲ್ಲ. ಮರುದಿನವೂ ನೋವು ಜಾಸ್ತಿ ಇದ್ದರೆ ಕಡಿಮೆ ಮಾಡಬೇಕು, ಪೂರ್ತಿ ನಿಲ್ಲಿಸಬಾರದು. ನಾವು ಮೊದಲು ನೋವು ಬಂದ ಕೂಡಲೇ ಸುಮ್ನೆ ಮಲಗಿಸಿಬಿಡುತ್ತಿದ್ದೆವು. ಅದರಿಂದಲೇ ಸ್ನಾಯು ಇನ್ನೂ ಸೊರಗಿತ್ತು.

ಕೋಲನ್ನು ನೋವು ಹೆಚ್ಚಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು ಅನ್ನೋದೂ ನಮಗೆ ಗೊತ್ತಿರಲಿಲ್ಲ!

ರೊಟ್ಟಿ ಬಡಿಯೋದು ಈಗ ನೆಲದ ಮೇಲಲ್ಲ, ಕಟ್ಟೆಯ ಮೇಲೆ, ನಿಂತು. ಇದಕ್ಕೆ ಅವ್ವನನ್ನು ಒಪ್ಪಿಸೋದೇ ದೊಡ್ಡ ಕೆಲಸವಾಯಿತು. ಮೂರು ಕಿಲೋ ತೂಕವೂ ಇಳಿದಿದೆ.

ಮೆಟ್ಟಿಲು ಇಳಿಯುವಾಗ ಇನ್ನೂ ನೋವಿದೆ. ಆದರೆ ಕಳೆದ ಸೋಮವಾರ ತ್ರಿಕೂಟೇಶ್ವರ ಗುಡಿಯಲ್ಲಿ ಎಲ್ಲೂ ಕೂರದೆ ಪೂರ್ತಿ ಸುತ್ತು ಹಾಕಿ ಬಂದಳು.